ಎಮ್ಮೆ ಬೇಡವೆನ್ನದ ಹುಲ್ಲು

ಬ್ಯಾಟರಿಯ ಮೇಲೆ ಓಡುವ ಹುಲ್ಲು ಕತ್ತರಿಸುವ ಮಷೀನನ್ನು ಜನ ಯಾಕೆ ಕೊಳ್ಳುತ್ತಾರೆ? ಸೊಂಟ ನೋಯಬಾರದೆಂದು, ಹೊತ್ತು ಉಳಿಯಲೆಂದು, ಬಾಜೂ ಮನೆಯವರ ಹತ್ತಿರ ಇದೆಯೆಂದು. ಮುದ್ದೇಬಿಹಾಳದ ಸಾವಿತ್ರವ್ವ ಕೊಂಡದ್ದು ಸಿಟ್ಟಿಗೆ. ಆ ಸಿಟ್ಟು ಎಷ್ಟು ನ್ಯಾಯದ್ದು ಎಂದು ಗೊತ್ತಾಗಬೇಕಾದರೆ ಮೊದಲು ಅವರ ಅಂಗಳದ ಕಥೆ ಕೇಳಬೇಕು.

ಸಾವಿತ್ರವ್ವ ಇಂಗಳೇಶ್ವರದ ಸುತ್ತಿನ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಗಂಡ ಧರ್ಮರಾಜ ಬಸ್ ಕಂಡಕ್ಟರ್ ಆಗಿದ್ದವರು. ಮಂದಿಗೆಲ್ಲ "ಮುಂದ ಸರೀರಿ, ಮುಂದ ಸರೀರಿ" ಎಂದು ಹೇಳುತ್ತ ತಾವು ಮಾತ್ರ ಬಾಗಿಲಲ್ಲೇ ನಿಂತು ನೌಕರಿ ಮುಗಿಸಿದವರು. ನಿವೃತ್ತರಾದ ಮೇಲೆ ಇಬ್ಬರೂ ಸೇರಿ ಮುದ್ದೇಬಿಹಾಳದ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿದರು. ಆ ಸಾಲಿನಲ್ಲಿ ಕಾಲೇಜಿನವರು, ಬ್ಯಾಂಕಿನವರು, ಕಚೇರಿಯವರು. ದಲಿತರ ಮನೆ ಅದೊಂದೇ. ಬಾಗಿಲ ಮೇಲೆ ಬುದ್ಧನ ಚಿತ್ರವಿರುವ ಮನೆಯೂ ಅದೊಂದೇ.

ಸಾವಿತ್ರವ್ವನವರಿಗೆ ಮನೆಗಿಂತ ಅಂಗಳದ ಆಸೆ ಹೆಚ್ಚು. ಕಚೇರಿಗಳ ಮುಂದೆ "ಹುಲ್ಲಿನ ಮೇಲೆ ನಡೆಯಬೇಡಿ" ಎಂಬ ಫಲಕ ನೋಡಿ ನೋಡಿ ಸಾಕಾಗಿತ್ತಂತೆ. ತಾವೇ ಬೆಳೆಸಿದ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಬೇಕು, ಸಂಜೆಗೆ ಕಾಲು ಚಾಚಿ ಕೂತು ಚಹಾ ಕುಡಿಯಬೇಕು. ನಮ್ಮ ಎರೆಭೂಮಿ ಬೇಸಿಗೆ ಬಂದರೆ ಅಂಗೈ ಹೋಗುವಷ್ಟು ಬಿರಿಯುತ್ತದೆ. ನಲ್ಲಿ ನೀರು ಬಂದ ದಿನ ಬಂತು, ಇಲ್ಲದ ದಿನ ಇಲ್ಲ. ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ಎಲ್ಲ ಹೊತ್ತು ಹಾಕಿ ಹುಲ್ಲು ಎಬ್ಬಿಸಿದರು.

ಆ ಬಡಾವಣೆಯ ಹುಲ್ಲು ಕೊಯ್ಯುವವನು ರೇವಣಪ್ಪ. ಹಿಂದಿನ ಓಣಿಯಲ್ಲಿ ಅವನ ಎಮ್ಮೆ ಇದೆ. ಪದ್ಧತಿ ಸರಳ: ಕುಡಗೋಲು ಹಿಡಿದು ಬಂದು ಅಂಗಳದ ಹುಲ್ಲು ಕೊಯ್ಯುತ್ತಾನೆ, ಕೊಯ್ದ ಹುಲ್ಲೇ ಅವನ ಕೂಲಿ. ಹೊರೆ ಕಟ್ಟಿ ಒಯ್ದು ಎಮ್ಮೆಗೆ ಹಾಕುತ್ತಾನೆ. ಎಮ್ಮೆಯ ಹಾಲು ಅದೇ ಮನೆಗಳಿಗೆ ಬರುತ್ತದೆ.

ಸಾವಿತ್ರವ್ವನವರ ಮನೆಗೂ ಬರುತ್ತಿದ್ದ. ಕೊಯ್ಯುತ್ತಿದ್ದ. ಆದರೆ ಇಲ್ಲಿ ಮಾತ್ರ ಹುಲ್ಲು ಒಯ್ಯುತ್ತಿರಲಿಲ್ಲ. ಗೇಟಿನ ಬದಿಗೆ ಗುಡ್ಡೆ ಹಾಕಿ, ರೊಕ್ಕ ಕೇಳಿ ಇಸಿದುಕೊಂಡು ಹೋಗುತ್ತಿದ್ದ.

"ಯಾಕೋ ರೇವಣಪ್ಪ, ಹುಲ್ಲ ಇಲ್ಲೇ ಬಿಟ್ಟಿ?"

"ನಮ್ಮ ಎಮ್ಮಿ ಈ ನಮೂನಿ ಹುಲ್ಲ ಮೂಸಂಗಿಲ್ರಿ ಅಕ್ಕಾರ."

"ಬಾಜೂ ಸುರೇಖಾ ಮೇಡಂ ಮನ್ಯಾಗೂ ಇದ ಹುಲ್ಲ ಐತಲ್ಲೋ. ಇಬ್ಬರೂ ಕೂಡೇ ಒಂದ ಟಂಟಂ ಗಾಡ್ಯಾಗ ತರಿಸೇವಿ."

"ಎಮ್ಮಿಗೆ ಹೆಂಗ ಗೊತ್ತಾಗತೈತೋ ಏನೋ ರೀ."

ಹೇಳುವಾಗ ಅವನು ನೆಲ ನೋಡುತ್ತಿದ್ದ. ಸಾವಿತ್ರವ್ವ ಒಳಗೆ ಹೋದರು. ಸುಳ್ಳು ಹೇಳುವ ಮಕ್ಕಳನ್ನು ಆಯುಷ್ಯವಿಡೀ ನೋಡಿದವರಿಗೆ ಇದು ತಿಳಿಯುವುದಿಲ್ಲವೇ? ತಿಳಿದರೂ ಸುಮ್ಮನಿದ್ದರು.

ಸುಮ್ಮನಿರಲು ಬಿಡದಿದ್ದದ್ದು ಎಮ್ಮೆ. ಒಂದು ಮುಂಜಾನೆ ರೇವಣಪ್ಪ ಅದನ್ನು ಹೊಡೆದುಕೊಂಡು ಆ ದಾರಿಯಲ್ಲೇ ಹೊರಟಿದ್ದ. ಗೇಟು ತೆರೆದಿತ್ತು, ಹಿಂದಿನ ದಿನ ಕೊಯ್ದ ಹುಲ್ಲಿನ ಗುಡ್ಡೆ ಅಲ್ಲೇ ಇತ್ತು. ಎಮ್ಮೆ ಮುಖ ತೂರಿಸಿ ಬಾಯಿ ತುಂಬ ಎಳೆದುಕೊಂಡು, ಕಣ್ಣು ಅರ್ಧ ಮುಚ್ಚಿ ತಿನ್ನತೊಡಗಿತು. ರೇವಣಪ್ಪ ಓಡಿಬಂದು ಅದರ ಮೂತಿಗೆ ಕೋಲಿನಿಂದ ಬಾರಿಸಿದ. ಅದು ಬಿಡಲಿಲ್ಲ. ಬಾಯಿಯೊಳಗೆ ಕೈ ಹಾಕಿ ಹುಲ್ಲು ಹೊರಗೆಳೆದ.

"ಏ ಬಿಡೋ ಅದನ್ನ!" ಸಾವಿತ್ರವ್ವ ಮೆಟ್ಟಿಲು ಇಳಿದು ಬಂದರು. "ಮೂಸಂಗಿಲ್ಲ ಅಂದಿದ್ದೆಲ್ಲ, ಈಗ ನೋಡು, ಹೆಂಗ ತಿನ್ನಾಕತ್ತೈತಿ!"

"ಎಮ್ಮಿ ತಿಂತೈತ್ರಿ ಅಕ್ಕಾರ." ರೇವಣಪ್ಪನ ಕೈಯಲ್ಲಿ ಜೊಲ್ಲು ಹತ್ತಿದ ಹುಲ್ಲು ಹಾಗೇ ಇತ್ತು. "ಹಾಲ ತಗೊಳ್ಳೋರು ಒಲ್ಲೆ ಅಂತಾರ್ರಿ. ಆ ಮನಿ ಹುಲ್ಲ ಹಾಕಿದ್ರ ನಿನ್ನ ಹಾಲ ಬ್ಯಾಡ ಅಂತ ಮೊದಲ ಹೇಳಿಬಿಟ್ಟಾರ್ರಿ. ನಾ ಏನ ಮಾಡ್ಲಿ?"

"ಹೇಳಿದೋರು ಯಾರು?"

"ಯಾರಂತ ಹೇಳ್ಲಿ? ಎಲ್ಲಾರೂ ರೀ."

ಎಲ್ಲರೂ! ಓದುಗರೇ, ಇವರು ಅಕ್ಷರ ಗೊತ್ತಿಲ್ಲದ ಮಂದಿಯಲ್ಲ. ಬಾಗಿಲ ಮುಂದೆ ಡಿಗ್ರಿ ಬರೆಸಿಕೊಂಡವರು. ಬಸವಣ್ಣನ ಊರು ಬಾಗೇವಾಡಿಗೆ ಮುಂಜಾನೆ ಬಸ್ ಹತ್ತಿ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದಾದಷ್ಟು ಹತ್ತಿರ ಇರುವವರು. ಜಯಂತಿಯ ದಿನ ಮೈಕು ಸಿಕ್ಕರೆ ಬಿಡದವರು. ಮುಟ್ಟಬೇಡ ಎಂದು ಮನುಷ್ಯರಿಗೆ ಹೇಳಿದರೆ ಕೇಸಾಗುತ್ತದೆ, ಅದು ಅವರಿಗೆ ಗೊತ್ತು. ಅದಕ್ಕೇ ಎಮ್ಮೆಗೆ ಹೇಳಿದರು. ಹುಲ್ಲು ಕೋರ್ಟಿಗೆ ಹೋಗುವುದಿಲ್ಲವಲ್ಲ! ಬಡವನೊಬ್ಬ ಮನೆಮನೆಗೆ ಹಾಲು ಹಾಕುವ ವರ್ತನೆಯನ್ನು ಅವನ ಕುತ್ತಿಗೆಗೆ ಹಗ್ಗದಂತೆ ಹಾಕಿ, ಅದರ ತುದಿ ಹಿಡಿದು ತಾವು ಒಳಗೆ ಕೂತರು. ರೇವಣಪ್ಪನ ತಪ್ಪಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಕೋಲು ಅವನ ಕೈಯಲ್ಲಿದ್ದರೂ ಹೊಡೆದವರು ಯಾರು?

ಅಂದು ಸಂಜೆ ಸಾವಿತ್ರವ್ವ ಹುಲ್ಲಿನ ಮೇಲೆ ಕೂಡಲಿಲ್ಲ. ಗಂಡನಿಗೆ ಅಂದರು, "ಇನ್ನ ಮ್ಯಾಲೆ ನನ್ನ ಹುಲ್ಲ ನಾನ ಕೊಯ್ತೇನಿ."

"ಕೊಯ್ಯಾಕ ಕುಂತಿ ಅಂದ್ರ ನಿನ್ನ ಎಬ್ಬಸಾಕ ಇಬ್ಬರು ಬೇಕು," ಅಂದರು ಧರ್ಮರಾಜ. ಸಾವಿತ್ರವ್ವನವರ ಮೊಣಕಾಲು ಅಷ್ಟು ಹಿಡಿದುಕೊಂಡಿವೆ.

"ಅದಕ್ಕ ನಿಂತು ಕೊಯ್ಯೋ ಮಷೀನ ತರೂಣು."

"ಮೊಬೈಲಿನ್ಯಾಗ ಒತ್ತಿದ್ರ ಮನಿಗೇ ಬರತೈತಿ."

"ಸೀರಿ ತರಿಸಿ ನೋಡೀನಲ್ಲ ಮೊಬೈಲಿನ್ಯಾಗ. ಇದನ್ನ ದಬ್ಬಿ ನೋಡೇ ತಗೊಳ್ತೇನಿ."

ಇಂಡಿಯಲ್ಲಿ ಲಿಂಬೆ, ದ್ರಾಕ್ಷಿ ತೋಟದವರಿಗೆ ಮಷೀನು ಮಾರುವ ಜುಲ್ಫಿಕರನ ಅಂಗಡಿಯಲ್ಲಿ ಅಂಥವು ಸಿಗುತ್ತವೆಂದು ಗೊತ್ತಾಗಿ ಇಬ್ಬರೂ ಬಸ್ ಹತ್ತಿದರು. ಜುಲ್ಫಿಕರ ಮಾತಿನ ಮನುಷ್ಯ. ಆದರೆ ಮಾತೆಲ್ಲ ಧರ್ಮರಾಜರ ಕಡೆಗೇ.

"ಸರ್, ಪೆಟ್ರೋಲಿಂದು ನೋಡ್ರಿ. ತಾಕತ್ತಿಗೆ ಇದನ್ನ ಮೀರಸೋದು ಇಲ್ಲ. ಹಗ್ಗ ಜಗ್ಗಿದ್ರಿ ಅಂದ್ರ ಚಾಲೂ."

"ತಮ್ಮಾ, ದಬ್ಬಾಕಿ ನಾನು," ಅಂದರು ಸಾವಿತ್ರವ್ವ. "ಇವರು ಬಾಗಿಲದಾಗ ನಿಂತು ಸೀಟಿ ಊದ್ತಾರ, ಅಷ್ಟ."

ಜುಲ್ಫಿಕರ ನಕ್ಕು ಈ ಕಡೆ ತಿರುಗಿದ. ಪೆಟ್ರೋಲಿನದು ಬೇಡವಾಯಿತು; ಹಗ್ಗ ಜಗ್ಗಲು ಭುಜ ಒಪ್ಪಲಿಲ್ಲ. ವಾಯರಿನದು ಅಗ್ಗ. ಆದರೆ ಬ್ಲೇಡಿನ ಹಿಂದೆ ಕರೆಂಟಿನ ವಾಯರು ಎಳೆದುಕೊಂಡು ಓಡಾಡಬೇಕು, ನಮ್ಮೂರ ಕರೆಂಟು ಯಾವಾಗ ಹೋಗುತ್ತದೋ ಅದಕ್ಕೇ ಗೊತ್ತಿಲ್ಲ. ಬ್ಯಾಟರಿಯದಾದರೆ ಕರೆಂಟು ಇದ್ದಾಗ ಚಾರ್ಜಿಗೆ ಹಚ್ಚಿ, ಬೇಕಾದಾಗ ಕೊಯ್ಯಬಹುದು. ಅಗಲ ಬ್ಲೇಡಿನ ಬ್ಯಾಟರಿ ಮಷೀನನ್ನು ಅಂಗಡಿಯ ಹಿಂದಿನ ಕರಕಿ ಹುಲ್ಲಿನ ಮೇಲೆ ದಬ್ಬಿ ನೋಡಿದರು; ನೆಟ್ಟಗೆ ಹೋಯಿತು, ತಿರುಗಿಸುವಾಗ ಕೈ ಸೋತಿತು. ಸಣ್ಣದು ಹಗುರಾಗಿತ್ತು, ಹಿಡಿಕೆ ಎದೆಮಟ್ಟಕ್ಕೆ ಏರುತ್ತಿತ್ತು, ಬಗ್ಗುವ ಮಾತೇ ಇಲ್ಲ. ಅದರಲ್ಲೂ ಎರಡು ಬಗೆ. ಒಂದಕ್ಕೆ ಹಿಂದೆ ಚೀಲ, ಕೊಯ್ದ ಹುಲ್ಲೆಲ್ಲ ಅದರಲ್ಲಿ. ಇನ್ನೊಂದು ಹುಲ್ಲನ್ನು ನುಚ್ಚು ಮಾಡಿ ಅಲ್ಲೇ ನೆಲಕ್ಕೆ ಬಿಡುತ್ತದೆ.

"ಇದನ್ನ ಒಯ್ರಿ ಅಕ್ಕಾರ," ಜುಲ್ಫಿಕರ ಎರಡನೆಯದನ್ನು ತಟ್ಟಿದ. "ಗೊಬ್ಬರಕ್ಕ ಗೊಬ್ಬರ ಆತು, ಕಸಾ ಇಲ್ಲ. ಹುಲ್ಲ ಎಲ್ಲಿ ಹೋತು ಅಂತ ಯಾರಿಗೂ ಗೊತ್ತ ಆಗಂಗಿಲ್ಲ."

ಧರ್ಮರಾಜರ ಮುಖ ಅರಳಿತು. "ಇದ ಛಲೋ ನೋಡ. ಗುಡ್ಡಿ ಇಲ್ಲ, ಗೇಟ ಇಲ್ಲ, ಜಗಳ ಇಲ್ಲ."

"ಹೌದ್ರಿ, ಅಲ್ಲೇ ನುಂಗಿ ಹಾಕೋದು," ಅಂದರು ಸಾವಿತ್ರವ್ವ. "ನಾವು ಜೀವನಪೂರ್ತಿ ಅದನ್ನ ಮಾಡೇವಿ. ಮಷೀನಾದ್ರೂ ಬ್ಯಾರೇದ್ದು ಮಾಡ್ಲಿ. ಚೀಲದ್ದು ಕೊಡೋ ತಮ್ಮಾ."

"ಚೀಲ ತುಂಬಿದ ಹುಲ್ಲ ಏನ ಮಾಡ್ತೀರಿ? ಮನ್ಯಾಗ ದನ ಅದಾವೇನ್ರಿ?"

"ಊರಾಗ ಅದಾವು."

ಹಿಡಿಕೆ ಮಡಚಿ ಡಬ್ಬಿಗೆ ಹಾಕಿಸಿಕೊಂಡು, ಸಿಂದಗಿಯಲ್ಲಿ ಬಸ್ ಬದಲಿಸಿ ಮನೆಗೆ ಬಂದರು. ಮರುದಿನದಿಂದ ಸಾವಿತ್ರವ್ವ ನೆಟ್ಟಗೆ ನಿಂತು ಹುಲ್ಲು ಕೊಯ್ಯತೊಡಗಿದರು. ಅಡುಗೆಮನೆಯ ಮಿಕ್ಸಿಗಿಂತ ಸ್ವಲ್ಪ ಹೆಚ್ಚು ಸಪ್ಪಳ, ಅಷ್ಟೆ. ಕಂಪೌಂಡಿನ ಮೇಲಿಂದ ಇಣುಕಿದವರೆಲ್ಲ ಮಷೀನನ್ನು ಹೊಗಳಿದರು. ಹುಲ್ಲಿನ ಸುದ್ದಿ ಯಾರೂ ಎತ್ತಲಿಲ್ಲ.

ಶ್ರಾವಣದ ಮಳೆಗೆ ಎಲ್ಲರ ಅಂಗಳವೂ ಮೊಣಕಾಲುದ್ದ ಬೆಳೆದ ಹೊತ್ತಿಗೆ ರೇವಣಪ್ಪನಿಗೆ ಸೊಂಟ ಹಿಡಿಯಿತು. ಹಾಸಿಗೆ ಬಿಟ್ಟು ಏಳಲಿಲ್ಲ. ಆಗ ಬಂದರು ಸುರೇಖಾ ಮೇಡಂ, ಕಾಲೇಜಿನಲ್ಲಿ ಪಾಠ ಹೇಳುವವರು.

"ಅಕ್ಕಾರ, ನಾಳೆ ಬಸುರಿ ಮಗಳ ಕುಬಸ ಐತ್ರಿ. ಅಂಗಳದಾಗ ಕುರ್ಚಿ ಹಾಕಸೋದೈತಿ, ನೋಡಿದ್ರ ಕಾಡ ಆಗೇತಿ. ನಿಮ್ಮ ಮಷೀನ ಒಂದೀಟು ಕೊಡ್ರಲ್ಲ. ನೀವೂ ಬರ್ರಿ ಮತ್ತ ನಾಳೆ."

ಸಾವಿತ್ರವ್ವ ಆಗತಾನೇ ಕೊಯ್ದು ನಿಲ್ಲಿಸಿದ್ದರು. "ಒಯ್ರಿ, ಅದಕ್ಕೇನು."

ಸುರೇಖಾ ಹಿಡಿಕೆ ಹಿಡಿದವರು ನಿಂತರು. "ಚೀಲದಾಗ ಹುಲ್ಲ ಐತಿ. ಖಾಲಿ ಮಾಡಿ ಕೊಡ್ರಲ್ಲ."

"ಅರ್ಧಾನ ತುಂಬೇತಿ. ನಿಮ್ಮ ಹುಲ್ಲ ಅದರ ಮ್ಯಾಲೆ ಬೀಳಲಿ. ಎರಡೂ ಕೂಡೇ ರೇವಣಪ್ಪನ ಎಮ್ಮಿಗೆ ಕಳಸ್ರಿ."

"ಹಂಗಲ್ಲ ಅಕ್ಕಾರ..."

"ಮತ್ತ ಹೆಂಗ? ಬಾಯಿಬಿಟ್ಟು ಅನ್ರಿ."

"ನಮಗೇನ ಇಲ್ರಿ, ನಾವು ಅಂಥಾ ಮಂದಿ ಅಲ್ಲ. ನಮ್ಮ ಅತ್ತಿಯವರು ಹಳೇ ಕಾಲದವರು..."

"ನಿಮ್ಮತ್ತಿ ತೀರಿಕೊಂಡು ವರ್ಷದ ಮ್ಯಾಲಾತಲ್ಲ ಮೇಡಂ. ಮಣ್ಣಿಗೆ ನಾನೂ ಬಂದಿದ್ದೆ."

ಸತ್ತವರ ಹೆಗಲ ಮೇಲೆ ತಮ್ಮ ಹೊಲಸು ಹೊರಿಸುವ ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ? ಮಷೀನು ಬೇಕು, ಆ ಮಷೀನು ಕೊಯ್ದ ಹುಲ್ಲು ಬೇಡ. ಸುರೇಖಾ ಹಿಡಿಕೆ ಬಿಟ್ಟು, ಸೆರಗು ಸರಿಮಾಡಿಕೊಂಡು ಹೋದರು. ಮರುದಿನ ಅವರ ಅಂಗಳದಲ್ಲಿ ಮೊಣಕಾಲುದ್ದದ ಹುಲ್ಲಿನ ಮೇಲೆಯೇ ಜಮಖಾನ ಹಾಸಿದರು. ಕುರ್ಚಿಗಳು ವಾರೆಯಾಗಿ ನಿಂತವು.

ಆದರೆ ಆ ಹಿಂದಿನ ಸಂಜೆ ಇನ್ನೊಂದು ನಡೆದಿತ್ತು. ಸಾವಿತ್ರವ್ವ ಅಂಗಳದ ಉಳಿದ ಹುಲ್ಲನ್ನೂ ಕೊಯ್ದು, ಚೀಲವನ್ನು ಗೋಣಿಗೆ ಸುರಿದು, ಗಂಡನ ಕೈಲಿ ಹೊರಿಸಿ ರೇವಣಪ್ಪನ ಮನೆಗೆ ಹೋದರು. ಎಮ್ಮೆ ಒಣ ಜೋಳದ ಕಣಿಕೆಯ ಮುಂದೆ ಮುಖ ತಿರುಗಿಸಿ ನಿಂತಿತ್ತು.

"ಹಾಕ್ರಿ ಅಕ್ಕಾರ, ಹಾಕ್ರಿ," ಅಂದಳು ರೇವಣಪ್ಪನ ಹೆಂಡತಿ ಚಂದವ್ವ. "ಹಸೀ ಹುಲ್ಲ ಕಂಡಿಲ್ಲ ಅದು."

ಒಳಗಿನಿಂದ ರೇವಣಪ್ಪನ ದನಿ: "ಹಾಲ ತಗೊಳ್ಳೋರಿಗೆ ಗೊತ್ತಾದ್ರ?"

"ನೀ ಮಲಕೋ," ಅಂದಳು ಚಂದವ್ವ. "ಹುಲ್ಲ ತರಾಕ ಹಾಲ ತಗೊಳ್ಳೋರು ಬಂದಾರೇನು?"

ಎಮ್ಮೆ ತಿಂದಿತು. ಮುಂಜಾನೆ ಚಂದವ್ವ ಹಿಂಡಿದ ಹಾಲು ಎಂದಿನಂತೆ ಆ ಸಾಲಿನ ಮನೆಗಳಿಗೆ ಹೋಯಿತು. ಯಾರ ಹೊಟ್ಟೆಯೂ ಕೆಡಲಿಲ್ಲ. ಯಾರ ದೇವರೂ ಎದ್ದು ಹೋಗಲಿಲ್ಲ.

ಕರೆದಿದ್ದರಲ್ಲ, ಸಾವಿತ್ರವ್ವ ಕುಬಸಕ್ಕೆ ಹೋದರು. ಮಗಳ ಕೈಗೆ ಕುಪ್ಪಸದ ಕಣ ಕೊಟ್ಟು, ಸುಖವಾಗಿ ಹೆರಿಗೆಯಾಗಲಿ ಎಂದು ಬಾಯಿತುಂಬ ಹರಸಿದರು. ಊಟದ ಸಾಲಿನಲ್ಲಿ ಗೋಧಿ ಹುಗ್ಗಿಯ ಮೇಲೆ ಹಾಲು ಸುರಿಯುತ್ತಿದ್ದರು. ಸುರೇಖಾ ಹತ್ತಿರ ಬಂದಾಗ ಸಾವಿತ್ರವ್ವ ಕೇಳಿದರು, "ಹಾಲ ರೇವಣಪ್ಪನ ಮನೀದಲ್ಲ?"

"ಹೌದ್ರಿ ಅಕ್ಕಾರ, ಅವರದ. ಗಟ್ಟಿ ಹಾಲು."

"ಗಟ್ಟಿ ಇರಾಕ ಬೇಕು. ನಿನ್ನೆ ಸಂಜೀಕ ಎಮ್ಮಿ ನಮ್ಮ ಮನಿ ಹುಲ್ಲ ತಿಂದೈತಿ."

ಸುರೇಖಾ ಆಚೀಚೆ ನೋಡಿದರು. "ಮೆಲ್ಲಕ ಅಕ್ಕಾರ, ಮೆಲ್ಲಕ. ಮಂದಿ ಕೇಳ್ತಾರ."

ಹಾಲಿಗೆ ಏನಾಯಿತು ಎಂದು ಕೇಳಲಿಲ್ಲ, ನೋಡಿ. ಮಂದಿ ಕೇಳುತ್ತಾರೆ ಎಂದರು! ಸಾವಿತ್ರವ್ವ ಎದ್ದು ನಿಂತು, ಹಿಂದಿನ ಬೆಂಚಿನ ಹುಡುಗರಿಗೂ ಮುಟ್ಟುವ ಆ ಹಳೆಯ ದನಿಯಲ್ಲಿ, ಅದೇ ಮಾತನ್ನು ಮತ್ತೊಮ್ಮೆ ಹೇಳಿದರು. ಕೆಲವರ ಕೈ ತಾಟಿನಲ್ಲೇ ನಿಂತಿತು. ಕೆಲವರು ಕೇಳದವರಂತೆ ಉಂಡರು.

ಆ ವಾರ ಕೆಲವು ಮನೆಗಳು ರೇವಣಪ್ಪನ ಹಾಲು ಬಿಟ್ಟವು. ಸೊಂಟ ಹಿಡಿದುಕೊಂಡೇ ಅವನು ಸಾವಿತ್ರವ್ವನವರ ಗೇಟಿಗೆ ಬಂದ. "ನಿಮ್ಮ ಹಟಕ್ಕ ನನ್ನ ಹೊಟ್ಟಿ ಮ್ಯಾಲ ಹೊಡದ್ರೆಲ್ರಿ ಅಕ್ಕಾರ! ನಾ ನಿಮಗೇನ ಮಾಡಿದ್ದೆ?" ಎಂದು ಓಣಿ ಕೇಳುವಂತೆ ಕೂಗಾಡಿದ.

ಸಾವಿತ್ರವ್ವ ಪೂರಾ ಕೇಳಿಸಿಕೊಂಡರು. ಆಮೇಲೆ ಅಂದರು, "ಬೈಯೋ. ನನಗ ಬೈಯಾಕ ನಿನಗ ಹಕ್ಕೈತಿ. ಆದರ ಹಾಲ ಬಿಟ್ಟೋರ ಬಾಗಲಿಗೂ ಹೋಗು, ಇಷ್ಟ ಜೋರಲೇ ಅಲ್ಲೂ ಬೈ. ನಾನೂ ಬರ್ತೇನಿ, ನಡಿ."

ರೇವಣಪ್ಪ ಸುರೇಖಾ ಮೇಡಂ ಅವರ ಮುಚ್ಚಿದ ಬಾಗಿಲ ಕಡೆ ನೋಡಿದ. ಚಪ್ಪಲಿ ಮೆಟ್ಟಿಕೊಂಡು ಸಾವಿತ್ರವ್ವ ರಸ್ತೆಗೆ ಇಳಿದು ನಿಂತರು. ಅವನು ಇನ್ನೂ ಗೇಟು ಹಿಡಿದೇ ನಿಂತಿದ್ದ.