ಪಂಡಿತರ ಮೂರನೆಯ ಬಂಗುಡೆ

ಮಹಾಜನಗಳೇ, ಹಂಪನಕಟ್ಟೆಯ ವಾಚನಾಲಯದಲ್ಲಿ ಈ ಚೀಟಿಯತ್ತ ಕತ್ತು ಚಾಚಿರುವ ಮಿತ್ರರೇ, ಚಿತ್ತವಿಟ್ಟು ಓದಬೇಕು!

ನಮ್ಮದು ಹೆಣ್ಣಿನಿಂದಲೇ ಮನೆತನ ಮುಂದುವರಿಯುವ ಅಳಿಯಸಂತಾನ. ನನ್ನ ಒಬ್ಬಳೇ ತಂಗಿಗೆ ನಾಲ್ಕು ಮಕ್ಕಳು, ನಾಲ್ಕೂ ಗಂಡು. ಮುಂದಿನದು ಹೆಣ್ಣಾಗಲೆಂದು ಪಂಡಿತರೊಬ್ಬರು ಅವಳಿಗೆ ನಲವತ್ತೆಂಟು ದಿನದ ಪಥ್ಯ ವಿಧಿಸಿದ್ದಾರೆ. ಉಪ್ಪಿಲ್ಲ, ಹುಳಿಯಿಲ್ಲ, ಮೀನಿಲ್ಲ, ಮೆಣಸಿಲ್ಲ. ತಿಂಗಳಾಯಿತು, ತಂಗಿಯ ಮೈಯಲ್ಲಿ ತ್ರಾಣವೇ ಉಳಿದಿಲ್ಲ.

ಇಂದು ಮಧ್ಯಾಹ್ನ ಆ ಪಂಡಿತರು ಅವಳ ನಾಡಿ ನೋಡಿ, ನಮ್ಮಲ್ಲೇ ಊಟಕ್ಕೆ ಕುಳಿತರು. ಮೂರನೆಯ ಹುರಿದ ಬಂಗುಡೆಯ ಮುಳ್ಳು ಬಿಡಿಸುತ್ತಾ, "ಇವಳು ಉಪ್ಪು ಕದ್ದು ತಿಂತಾಳೆ. ನಾಡಿ ಸುಳ್ಳು ಹೇಳುವುದಿಲ್ಲ" ಎಂದರು.

ಬಡಿಸುತ್ತಿದ್ದ ತಂಗಿ ಮೀನಿನ ಪಾತ್ರೆಗೇ ಕೈ ಹಾಕಿದಳು.

"ಎಂತ ಮಾಡ್ತಿ ಮಾರಾಯ್ತಿ? ಹೆಣ್ಣು ಬೇಡವಾ ನಿಂಗೆ?" ಅಮ್ಮ ಚೀರಿದರು.

"ಹೆಣ್ಣು ಬೇಕಾದದ್ದು ಮನೆಗೆ ಅಮ್ಮ, ಹಸಿವು ಇರುವುದು ನಂಗೆ" ಎಂದವಳೇ ಅಲ್ಲೇ ನಿಂತು ಇಡೀ ಬಂಗುಡೆ ತಿಂದಳು.

ಪಂಡಿತರು ಕೈ ನೆಕ್ಕಿಕೊಂಡು ನನ್ನತ್ತ ತಿರುಗಿದರು. "ಯಜಮಾನರೇ, ವ್ರತ ಕೆಟ್ಟಿತು. ಇನ್ನು ಪುನಃ ಮೊದಲಿಂದ ನಲವತ್ತೆಂಟು ದಿನ."

ಆ ಮನುಷ್ಯನ ಜುಟ್ಟು ಹಿಡಿದು ಅಂಗಳಕ್ಕೆ ಎಳೆಯಬೇಕಿತ್ತು. ನಾನು "ಆಗಲಿ" ಎಂದೆ. ಅವರನ್ನು ವಾಮಂಜೂರಿನಿಂದ ಗಾಡಿ ಮಾಡಿ ಕರೆತಂದವನೂ ನಾನೇ.