ಕಂಡಕ್ಟರ್ ಗುರುಪಾದಪ್ಪನವರ ಫ್ಯಾನು

೨೦೨೩ರಲ್ಲಿ ನಾನು ಸಿಂದಗಿಯ ಒಂದು ಖಾಸಗಿ ಇಂಟರ್ನೆಟ್ ಕಂಪನಿಯಲ್ಲಿ ಸೀನಿಯರ್ ಟೆಕ್ನಿಷಿಯನ್ ಆಗಿದ್ದೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ದೂರುಗಳೂ ನನ್ನ ತಲೆಯ ಮೇಲೆಯೇ ಇದ್ದವು. ಹದಿನಾರು ವರ್ಷದ ಅನುಭವ. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ದೋಷ ಎಲ್ಲಿದೆಯೆಂದು ಹೇಳಬಲ್ಲೆ ಎಂಬ ಜಂಬ. ಅದು ಇಳಿದದ್ದು ಬಾಗೇವಾಡಿಯ ಗುರುಪಾದಪ್ಪನವರ ಮನೆಯಲ್ಲಿ.

ಅವರು ನಿವೃತ್ತ ಬಸ್ ಕಂಡಕ್ಟರ್. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಬಿದ್ದಿದ್ದವು, ಮಾತು ತೊದಲುತ್ತಿತ್ತು. ದಿನವೂ ಬಾಯಿಬಿಟ್ಟು ಮಾತಾಡಿದರೆ ನಾಲಿಗೆ ಮರಳುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಅದಕ್ಕೆಂದೇ ಮಗ ಅವರ ಕೋಣೆಯ ಕಿಟಕಿಯಲ್ಲಿ ಸ್ಮಾರ್ಟ್ ಸ್ಪೀಕರ್ ಇಟ್ಟು, ಗೋಡೆಯ ಬೋರ್ಡಿನೊಳಗೆ ವೈ-ಫೈ ಸ್ವಿಚ್ ಹಾಕಿಸಿದ್ದ. "ಫ್ಯಾನ್ ಆನ್" ಎಂದರೆ ಸ್ಪೀಕರ್ ಕೇಳಿಸಿಕೊಂಡು ಇಂಟರ್ನೆಟ್ ಮೂಲಕ ಸ್ವಿಚ್ಚಿಗೆ ತಿಳಿಸುತ್ತದೆ, ಫ್ಯಾನು ತಿರುಗುತ್ತದೆ. ಫ್ಯಾನು ತಿರುಗಿತೆಂದರೆ ತಮ್ಮ ಮಾತು ಸುಧಾರಿಸುತ್ತಿದೆ ಎಂದೇ ಅವರ ನಂಬಿಕೆ. ಸೆಕೆ ಇಲ್ಲದಾಗಲೂ ದಿನಕ್ಕೆ ಇಪ್ಪತ್ತು ಸಲ ಹಚ್ಚಿ ಆರಿಸುತ್ತಿದ್ದರಂತೆ.

ಮಾರ್ಚಿನಲ್ಲಿ ದೂರು ಬಂತು: ಐದು ಸಲ ಹೇಳಿದರೆ ಒಮ್ಮೆ ಹತ್ತುತ್ತದೆ. ನಾನು ಹೋದಾಗ ಮುದ್ದೇಬಿಹಾಳದಲ್ಲಿ ಇನ್ನೆರಡು ಮನೆಯವರು ಕಾಯುತ್ತಿದ್ದರು. ಪಡಸಾಲೆಯ ರೂಟರ್ ನೋಡಿದೆ. ದೀಪ ಹಸಿರು, ವೇಗ ಪೂರ್ತಿ.

"ಒಮ್ಮಿ ಹೇಳ್ರಿ ಕಾಕಾರ" ಎಂದೆ.

ಅವರು ತಡವರಿಸುತ್ತ ಎರಡು ಸಲ ಹೇಳಿದರು. ಆಗಲಿಲ್ಲ. ಸ್ಪೀಕರ್ ಇಂಗ್ಲಿಷಿನಲ್ಲಿ ಏನೋ ಹೇಳತೊಡಗಿತು, ಪೂರ್ತಿ ಕೇಳುವ ತಾಳ್ಮೆ ನನಗಿರಲಿಲ್ಲ. ನಾನೇ "ಫ್ಯಾನ್ ಆನ್" ಎಂದೆ. ತಿರುಗಿತು.

"ನೆಟ್ ಚೊಲೋ ಐತ್ರಿ. ಕಾಕಾರ ಮಾತು ಮಶೀನಿಗೆ ತಿಳಿವಲ್ದು, ಅಷ್ಟ" ಎಂದು ಅವರ ಎದುರಿಗೇ ಸೊಸೆ ಸವಿತಾಗೆ ಹೇಳಿ ಬ್ಯಾಗು ಎತ್ತಿಕೊಂಡೆ. ಗುರುಪಾದಪ್ಪನವರು ಗೋಡೆಯ ಕಡೆ ಮುಖ ತಿರುಗಿಸಿದರು. ಅದನ್ನು ನೋಡಿಯೂ ಹೊರಟುಬಿಟ್ಟೆ.

ಮೂರು ವಾರದ ಮೇಲೆ ಸವಿತಾ ಫೋನ್ ಮಾಡಿದಳು. "ಅಣ್ಣಾರ, ನಾ ಮೊಬೈಲಿನ್ಯಾಗ ಒತ್ತಿದ್ರೂ ಫ್ಯಾನ್ ಹತ್ತವಲ್ದು. ನಂದೂ ನಾಲಿಗಿ ತೊದಲ್ತೈತೇನ್ರಿ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನಾನು ಮಾಡಿದ್ದೂ ಅದನ್ನೇ. ಈ ಸಲ ಕೋಣೆಯೊಳಗೇ ಹೋಗಿ ಅಳೆದೆ. ಸಿಗ್ನಲ್ಲಿನ ಅಳತೆ ಡಿಬಿಎಂ. ಮೈನಸ್ ಎಪ್ಪತ್ತೈದಕ್ಕಿಂತ ಕೆಳಗಿಳಿದರೆ ಇಂಥ ಸಣ್ಣ ಸ್ವಿಚ್ಚುಗಳು ಪದೇ ಪದೇ ಸಂಪರ್ಕ ಕಳೆದುಕೊಳ್ಳುತ್ತವೆ. ಬೋರ್ಡಿನ ಹತ್ತಿರ ಮೈನಸ್ ಎಂಬತ್ತಾರು ಇತ್ತು. ಕಾರಣ ಗೋಡೆಯ ಆಚೆಯೇ, ರೂಟರಿಗೂ ಸ್ವಿಚ್ಚಿಗೂ ನಡುವೆ ನಿಂತಿತ್ತು: ಆ ಸುಗ್ಗಿಗೆ ಹೊಸದಾಗಿ ತಂದು ಜೋಳ ತುಂಬಿಸಿದ, ಆಳೆತ್ತರದ ತಗಡಿನ ಕಣಜ. ತಗಡು ವೈ-ಫೈ ಅಲೆಗಳನ್ನು ದಾಟಗೊಡುವುದಿಲ್ಲ. ಕಿಟಕಿಯ ಸ್ಪೀಕರಿಗೆ ಬಾಗಿಲಿನಿಂದ ಸಿಗ್ನಲ್ ಸಿಗುತ್ತಿತ್ತು, ಸ್ವಿಚ್ಚಿಗೆ ಸಿಗುತ್ತಿರಲಿಲ್ಲ. ಅವತ್ತು ಸ್ಪೀಕರ್ ಇಂಗ್ಲಿಷಿನಲ್ಲಿ ಹೇಳಹೊರಟಿದ್ದೂ ಸ್ವಿಚ್ ಸಿಗುತ್ತಿಲ್ಲ ಎಂದೇ. ನಾನು ಹೇಳಿದಾಗ ಫ್ಯಾನು ತಿರುಗಿದ್ದು ಬರೀ ಆಕಸ್ಮಿಕ. ರೂಟರನ್ನು ಕೋಣೆಯ ಬಾಗಿಲ ಮೇಲಕ್ಕೆ ಸರಿಸಿದೆ, ಸರಿಹೋಯಿತು. ಹತ್ತು ನಿಮಿಷದ ಕೆಲಸ.

ಸವಿತಾಳ ಮೊಬೈಲಿನಲ್ಲಿ ಸ್ಪೀಕರಿನ ಆ್ಯಪ್ ತೆರೆದೆ. ಅದು ಕೇಳಿಸಿಕೊಂಡದ್ದೆಲ್ಲ ಅಲ್ಲಿ ಅಕ್ಷರದಲ್ಲಿ ದಾಖಲಾಗಿರುತ್ತದೆ. ಫ್ಯಾನ್ ಆನ್. ಫ್ಯಾನ್ ಆನ್. ಫ್ಯಾನ್ ಆಫ್. ಸಾಲು ಸಾಲಾಗಿ, ಒಂದಕ್ಷರ ತಪ್ಪಿರಲಿಲ್ಲ. ಯಂತ್ರಕ್ಕೆ ಅವರ ಪ್ರತಿ ಮಾತೂ ತಿಳಿದಿತ್ತು. ನಾನು ಬಂದುಹೋದ ದಿನಕ್ಕೆ ಆ ಸಾಲುಗಳು ನಿಂತಿದ್ದವು.

"ಅವತ್ತಿಂದ ಮಾವಾರು ನಮ್ಮ ಜೋಡೀನೂ ಮಾತಾಡವಲ್ರು" ಎಂದಳು ಸವಿತಾ.

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಮಂಚದ ಪಕ್ಕ ಕೂತು ಅವರಿಗೆ ಮೊಬೈಲ್ ತೋರಿಸಿದೆ. "ಕಾಕಾರ, ತಪ್ಪು ನಂದ್ರಿ. ನಿಮ್ಮ ಮಾತು ಸ್ಪಷ್ಟ ಐತಿ, ಇಲ್ಲಿ ನೋಡ್ರಿ. ಒಮ್ಮಿ ಹೇಳ್ರಲ್ಲ."

ಅವರು ಬಹಳ ಹೊತ್ತು ಓದಿದರು. ತುಟಿ ಅಲುಗಿತು. ಆಮೇಲೆ ಎಡಗೈಯಿಂದ ದಿಂಬಿನ ಕೆಳಗಿಂದ ತಮ್ಮ ಹಳೆಯ ಕಂಡಕ್ಟರ್ ಸೀಟಿ ತೆಗೆದು ಊದಿದರು. ಸವಿತಾ ಬಂದು ಕೈಯಿಂದಲೇ ಫ್ಯಾನು ಹಚ್ಚಿದಳು.

ಆಮೇಲೂ ಎರಡು ಸಲ ಹೋಗಿ ಕೇಳಿಕೊಂಡೆ. ಸೀಟಿಯ ಹೊರತು ಬೇರೇನೂ ಕೇಳಿಸಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಈಗ ಯಾವ ಮನೆಗೆ ಹೋದರೂ ಯಂತ್ರವನ್ನು ಪೂರ್ತಿ ನೋಡುವ ತನಕ ಮನುಷ್ಯರ ಬಗ್ಗೆ ಬಾಯಿ ತೆರೆಯುವುದಿಲ್ಲ. ಈ ಪಾಠ ಕಲಿತವನು ನಾನು; ಅದಕ್ಕೆ ಬೆಲೆ ತೆತ್ತವರು ಗುರುಪಾದಪ್ಪನವರು.