ನಾನೇ ತುಂಬಿಕೊಟ್ಟ ಫಾರ್ಮ್

ಎಡಪ್ಪಳ್ಳಿಯ ನಮ್ಮ ಗೇಟಿನೆದುರು ಬೀಟ್ ಪೊಲೀಸನ ಬೈಕು ಡುಗುಡುಗು ಎಂದು ನಿಂತರೆ ನಾನು ಚಹಾಕ್ಕೆ ನೀರಿಡುತ್ತಿದ್ದೆ. ಪೊಲೀಸರು ಮನೆಮನೆಗೆ ಬಂದು ಸ್ನೇಹ ಬೆಳೆಸುವ ಹೊಸ ಸ್ಕೀಮ್ ಅದು.

"ಅಮ್ಮೇ, ನಿಮ್ಮದು ಕಾನ್ವೆಂಟ್ ಇಂಗ್ಲಿಷ್. ಮನೆಯಲ್ಲಿರುವವರ ವಿವರದ ಈ ಫಾರ್ಮ್ ನೀವೇ ತುಂಬಿಕೊಡಿ" ಎಂದ ಒಂದು ದಿನ.

ಮಹಡಿಯಲ್ಲಿ ಬಾಡಿಗೆಗಿದ್ದ ಕಾಸರಗೋಡಿನ ವಿದ್ಯಾರ್ಥಿನಿಯನ್ನು ಹೊಗಳಲೆಂದೇ "ವೆರಿ ಲೈವ್ಲಿ ಗರ್ಲ್, ಮೆನಿ ವಿಸಿಟರ್ಸ್" ಎಂದು ಬರೆದೆ. ವಾರದೊಳಗೆ ಅವಳನ್ನು ಸ್ಟೇಷನ್ನಿನಲ್ಲಿ ಇಡೀ ದಿನ ಕೂರಿಸಿ, ಬರುವವರು ಯಾರೆಂದು ಕೇಳಿದರು.

"ಅಲ್ಲ ಮೋನೇ, ಮಗನ ಹಾಗೆ ನನ್ನ ಚಹಾ ಕುಡಿದು ಹೀಗಾ ಮಾಡೋದು?" ಎಂದೆ.

"ಬರೆದದ್ದು ನೀವೇ ಅಲ್ಲವಾ ಅಮ್ಮೇ?" ಎಂದು ನಕ್ಕ.

ಮರುದಿನವೇ ಅವಳು ಮನೆ ಬಿಟ್ಟಳು. "ಅವರೆಲ್ಲ ನನ್ನ ಕ್ಲಾಸ್‌ಮೇಟ್ಸ್ ಅಂತ ನಿಮಗೆ ಗೊತ್ತುಂಟಲ್ಲ ಆಂಟಿ" ಎಂದಷ್ಟೇ ಹೇಳಿ ಆಟೋ ಹತ್ತಿದಳು. ಅವಳನ್ನು ನಾನು ಕಡೆಯ ಸಲ ನೋಡಿದ್ದು ಆಗಲೇ.